ಬೆಂಗಳೂರು ಪೇಟೆ: ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ನೋಡೋಕೆ ಬಂದವರು ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್ ಮುಗಿಸಿ ಹೊರಟುಬಿಡುತ್ತಾರೆ. ಊರು ಹುಟ್ಟಿದ ಜಾಗಕ್ಕೆ ಸೀರೆ ತಗೊಳ್ಳೋಕೆ ಮಾತ್ರ ಹೋಗುತ್ತಾರೆ. ಅದೂ ಒಳ್ಳೆಯದೇ, ಪೇಟೆಯನ್ನು ಅರ್ಥ ಮಾಡಿಕೊಳ್ಳೋಕೆ ವ್ಯಾಪಾರಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಸೀರೆ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಇನ್ನೂ ಏನೇನಿದೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಇವು.

ಪೇಟೆ ಅಂದರೆ ಸರಿಯಾಗಿ ಯಾವ ಜಾಗ?

ಉತ್ತರಕ್ಕೆ ಮೈಸೂರು ಬ್ಯಾಂಕ್ ಸರ್ಕಲ್, ದಕ್ಷಿಣಕ್ಕೆ ಕೆ.ಆರ್. ಮಾರ್ಕೆಟ್. ಪಶ್ಚಿಮಕ್ಕೆ ಕಾಟನ್‌ಪೇಟೆ, ಪೂರ್ವಕ್ಕೆ ನಗರ್ತಪೇಟೆ ದಾಟಿ ಹಲಸೂರು ಗೇಟ್. ಇದರ ನಡುವೆ ಇರುವುದೇ ಹಳೆ ಪೇಟೆ. ಉದ್ದಕ್ಕೆ ಸೀಳಿಕೊಂಡು ಹೋಗುವುದು ಅವೆನ್ಯೂ ರಸ್ತೆ, ಅಂದರೆ ಹಿಂದಿನ ದೊಡ್ಡಪೇಟೆ. ಅಡ್ಡಕ್ಕೆ ಹೋಗುವುದು ಚಿಕ್ಕಪೇಟೆ. ಇವೆರಡು ರಸ್ತೆ ಗೊತ್ತಿದ್ದರೆ ಸಾಕು, ಯಾವ ಗಲ್ಲಿಯಲ್ಲಿ ತಪ್ಪಿಸಿಕೊಂಡರೂ ಕೊನೆಗೆ ಇವುಗಳಲ್ಲಿ ಒಂದಕ್ಕೆ ಬಂದು ಬೀಳುತ್ತೀರಿ.

ಜನ ಇಲ್ಲದ ಹೊತ್ತಿನಲ್ಲಿ ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದ ನಡಿಗೆ. ಹಬ್ಬದ ಹಿಂದಿನ ದಿನ ಬಂದರೆ ಲೆಕ್ಕ ಹಾಕಬೇಡಿ.

ಎಷ್ಟು ಹಳೆಯದು?

ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆ ಹಾಕಿದರು. ವಿಜಯನಗರದ ಅಚ್ಯುತರಾಯನ ಕಾಲ ಅದು. ಚಿಕ್ಕಪೇಟೆ ಮತ್ತು ದೊಡ್ಡಪೇಟೆ ಸೇರುವ ಜಾಗದಲ್ಲಿ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಹೊಡೆಸಿದರು, ಅವು ಉತ್ತ ಗೆರೆಗಳೇ ಊರಿನ ಮುಖ್ಯ ಬೀದಿಗಳಾದವು ಅನ್ನುತ್ತದೆ ಐತಿಹ್ಯ. ಈಗ ಆ ಕೂಡುರಸ್ತೆಯಲ್ಲಿ ನಿಂತು ನೋಡಿ. ಕೆಂಪೇಗೌಡರ ಕಾಲದ ಕಟ್ಟಡ ಒಂದೂ ಕಾಣೋದಿಲ್ಲ. ಆದರೆ ನೀವು ನಿಂತಿರುವ ರಸ್ತೆಯ ದಿಕ್ಕು ಮಾತ್ರ ಅವರದ್ದೇ.

ಹಾಗಂತ ಬೆಂಗಳೂರು ಎಂಬ ಹೆಸರು ಅವತ್ತು ಹುಟ್ಟಿದ್ದಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕೆಂಪೇಗೌಡರು ಕಟ್ಟಿದ್ದು ಪೇಟೆ.

ಊರಿಗೆ ಬಾಗಿಲುಗಳಿದ್ದವಂತೆ. ಅವು ಎಲ್ಲಿ?

ಇದ್ದವು. ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ ಹೀಗೆ ಆ ದಾರಿ ಹೋಗಿ ಸೇರುವ ಊರಿನ ಹೆಸರೇ ಬಾಗಿಲಿಗೂ ಇತ್ತು. ಪೇಟೆಯ ಸುತ್ತ ಮಣ್ಣಿನ ಗೋಡೆ, ಅದರಾಚೆ ಕಂದಕ, ಕಂದಕದಾಚೆ ಬಿದಿರು ಮತ್ತು ಮುಳ್ಳಿನ ದಟ್ಟ ಬೇಲಿ. ಈಗ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಹೆಸರು ಉಳಿದಿರುವುದು ವಿಚಿತ್ರ ಜಾಗಗಳಲ್ಲಿ. ಪೂರ್ವದ ಬಾಗಿಲಿನ ಹೆಸರು ಹಲಸೂರು ಗೇಟ್ ಪೊಲೀಸ್ ಠಾಣೆಯ ಬೋರ್ಡಿನಲ್ಲಿದೆ. ಠಾಣೆ ಇರುವುದು ಇಲ್ಲಿ, ಹಲಸೂರು ಇರುವುದು ಕಿಲೋಮೀಟರುಗಳಾಚೆ. ಹೊಸಬರು ಇದನ್ನು ಕೇಳಿ ಗಾಬರಿ ಆಗುತ್ತಾರೆ. ಉತ್ತರದ ಬಾಗಿಲಿನ ನೆನಪು ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಯಲಹಂಕ ಗೇಟ್ ಆಂಜನೇಯಸ್ವಾಮಿ ದೇವಸ್ಥಾನದಲ್ಲಿದೆ.

ಅಂದಹಾಗೆ ಮೈಸೂರು ಬ್ಯಾಂಕೂ ಈಗ ಇಲ್ಲ. 1913ರಲ್ಲಿ ಶುರುವಾದ ಆ ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಬಸ್ ಕಂಡಕ್ಟರ್ ಮಾತ್ರ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಅಂತ ಕೂಗೋದು ಬಿಟ್ಟಿಲ್ಲ. ಈ ಊರಿನಲ್ಲಿ ವಸ್ತು ಹೋದಮೇಲೂ ಹೆಸರು ಓಡಾಡಿಕೊಂಡಿರುತ್ತದೆ.

ಕೆಂಪೇಗೌಡರ ನಂತರ ಯಾರ್ಯಾರ ಕೈಗೆ ಹೋಯಿತು?

ಚಿಕ್ಕದಾಗಿ ಹೇಳಬೇಕೆಂದರೆ ಹೀಗೆ. 1638ರಲ್ಲಿ ಬಿಜಾಪುರದ ಸೇನೆ ಬಂದು ಹಿಡಿಯಿತು, ಶಿವಾಜಿಯ ತಂದೆ ಶಹಾಜಿಗೆ ಊರು ಜಹಗೀರಾಗಿ ಸಿಕ್ಕಿತು. 1687ರಲ್ಲಿ ಮೊಗಲರು ಬಂದರು. ಅವರ ಕೈಯಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ಕೊಟ್ಟು ತೆಗೆದುಕೊಂಡರು. ಬೆಂಗಳೂರಿನಲ್ಲಿ ರಿಯಲ್ ಎಸ್ಟೇಟ್ ಹೊಸದೇನಲ್ಲ ಅಲ್ವಾ! ಆಮೇಲೆ ಹೈದರಾಲಿ, ಟಿಪ್ಪು, 1791ರಲ್ಲಿ ಬ್ರಿಟಿಷರ ದಾಳಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಮತ್ತೆ ಒಡೆಯರು.

1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ತಂದು ಹಲಸೂರಿನ ಕಡೆ ಇಳಿಸಿದರು. ಅಲ್ಲಿಂದ ಬೆಂಗಳೂರು ಎರಡು ಊರಾಯಿತು. ಒಂದು ಪೇಟೆ, ಇನ್ನೊಂದು ದಂಡು. ಎರಡಕ್ಕೂ ಬೇರೆ ಬೇರೆ ಆಡಳಿತ. ಒಂದೇ ನಗರಪಾಲಿಕೆ ಅಡಿಯಲ್ಲಿ ಬಂದಿದ್ದು 1949ರಲ್ಲಿ.

ಕೋಟೆ ನೋಡೋಕೆ ಬಂದೆವು, ಇಷ್ಟೇನಾ?

ಹೌದು, ಇಷ್ಟೇ. ಬಹಳ ಜನ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದು ಬೇಜಾರು ಮಾಡಿಕೊಳ್ಳುತ್ತಾರೆ. ಕೆ.ಆರ್. ಮಾರ್ಕೆಟ್ ಪಕ್ಕದಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಿನ ಗೋಡೆ, ಬುರುಜು ಮಾತ್ರ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಚಿಕ್ಕದೇವರಾಜ ಒಡೆಯರು ದೊಡ್ಡದು ಮಾಡಿಸಿದರು, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಮೊಟ್ಟೆಯಾಕಾರದ ದೊಡ್ಡ ಕೋಟೆ ಅದು. ಮುಂದೆ ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ ಅಂತ ತುಂಡು ತುಂಡಾಗಿ ಹೋಯಿತು. ವಿಕ್ಟೋರಿಯಾ ಆಸ್ಪತ್ರೆ, ಮೆಡಿಕಲ್ ಕಾಲೇಜು, ಟಿಪ್ಪು ಅರಮನೆ, ವೆಂಕಟರಮಣ ದೇವಸ್ಥಾನ ಇವನ್ನೆಲ್ಲ ಮನಸ್ಸಿನಲ್ಲೇ ಒಂದು ಗೆರೆ ಎಳೆದು ಸೇರಿಸಿ ನೋಡಿ, ಆಗ ಕೋಟೆ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ಮೆಟ್ರೋಗೆ ಅಗೆಯುವಾಗ ಈ ಭಾಗದಲ್ಲೇ ಹಳೆ ಫಿರಂಗಿಗಳು ಸಿಕ್ಕವು.

ಆ ಹತ್ತು ನಿಮಿಷವನ್ನು ಅರ್ಧ ಗಂಟೆ ಮಾಡಿಕೊಳ್ಳಿ. ಬಾಗಿಲ ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ನುಗ್ಗಿ ಬರುವ ಸೈನ್ಯದ ವೇಗ ಮುರಿಯೋಕೆ ಮಾಡಿದ ಉಪಾಯ ಅದು. ಮರದ ಬಾಗಿಲಿನ ತುಂಬಾ ಕಬ್ಬಿಣದ ಮೊಳೆಗಳಿವೆ. ಒಳಗೆ ಪುಟ್ಟ ಗಣಪತಿ ಗುಡಿ ಇದೆ. ತಲೆ ಎತ್ತಿ ಕಮಾನುಗಳನ್ನು ನೋಡಿ. ಗಾರೆಯಲ್ಲಿ ಮಾಡಿದ ಬಳ್ಳಿ ಹೂವಿನ ಕೆಲಸ ಇನ್ನೂ ಉಳಿದಿದೆ. ಯುದ್ಧಕ್ಕೆ ಕಟ್ಟಿದ ಗೋಡೆಯಲ್ಲಿ ಇಷ್ಟು ನಾಜೂಕಿನ ಕೆಲಸ ಯಾಕೆ ಅಂತ ಅನ್ನಿಸುತ್ತದೆ.

ಹೊರಗೋಡೆಯಲ್ಲಿ ಬ್ರಿಟಿಷರು ಹಾಕಿದ ಒಂದು ಕಲ್ಲಿದೆ. 1791ರ ಮಾರ್ಚ್ 21ರಂದು ಗೋಡೆ ಒಡೆದು ನುಗ್ಗಿದ್ದು ಇಲ್ಲಿಂದಲೇ ಅಂತ ಅದರ ಮೇಲೆ ಬರೆದಿದೆ. ಕಾರ್ನ್‌ವಾಲಿಸ್‌ನ ಸೇನೆ ಮಾರ್ಚ್ 7ರಂದೇ ಹಲಸೂರು ಬಾಗಿಲಿನಿಂದ ನುಗ್ಗಿ ಪೇಟೆಯನ್ನು ಹಿಡಿದಿತ್ತು. ಕೋಟೆ ಮಾತ್ರ ಜಗ್ಗಲಿಲ್ಲ. ಎರಡು ವಾರ ಗುಂಡು ಹಾರಿಸಿ, ಗೋಡೆ ಬಿರುಕು ಬಿಟ್ಟ ಮೇಲೆ ರಾತ್ರಿ ಹೊತ್ತು ಹತ್ತಿದರು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದುರ್ ಖಾನ್ ಕಾದಾಡುತ್ತಲೇ ಸತ್ತ. ಗೆದ್ದವರ ಕಲ್ಲು ಇದೆ, ಕಾದವನ ಹೆಸರು ಹೇಳುವ ಕಲ್ಲೂ ಅದರ ಪಕ್ಕದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ.

ಟಿಪ್ಪು ಬೇಸಿಗೆ ಅರಮನೆ ಮೈಸೂರು ಅರಮನೆ ಥರ ಇರುತ್ತಾ?

ಇಲ್ಲ. ಹಾಗಂದುಕೊಂಡು ಬಂದರೆ ನಿರಾಸೆ ಖಂಡಿತ. ಇದು ತೇಗದ ಮರದ ಎರಡಂತಸ್ತಿನ ಕಟ್ಟಡ. ಹೈದರಾಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಸಾಲು ಕಂಬ, ಅವುಗಳ ನಡುವೆ ಅಲೆ ಅಲೆಯಾದ ಕಮಾನು, ಮೇಲೆ ದರ್ಬಾರು ನಡೆಸೋಕೆ ಮೊಗಸಾಲೆ. ಮರದ ಪಟ್ಟಿಯ ಮೇಲೆ ಪಾರ್ಸಿಯಲ್ಲಿ ಕೆತ್ತಿಸಿದ ಹೊಗಳಿಕೆ ಇದೆ, ಸ್ವರ್ಗಕ್ಕೇ ಹೊಟ್ಟೆಕಿಚ್ಚು ಬರಿಸುವ ಮನೆ ಅಂತ.

ಗೋಡೆ ಮೇಲಿನ ಬಣ್ಣ ಬಹುಪಾಲು ಮಾಸಿದೆ. ಮೂಲೆ ಕೋಣೆಗಳಲ್ಲಿ ಹುಡುಕಿ ನೋಡಿದರೆ ಕೆಂಪು, ಹಸಿರು ಬಳ್ಳಿಗಳ ತುಣುಕು ಸಿಗುತ್ತವೆ. ಕೆಳಗಿನ ಚಿಕ್ಕ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಆಟಿಕೆಯ ನಕಲು ಇದೆ. ಅಸಲಿ ಲಂಡನ್ನಿನಲ್ಲಿದೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಬ್ರಿಟಿಷ್ ಕಮಿಷನರ ಕಾಲದಲ್ಲಿ ಸರ್ಕಾರದ ಕಚೇರಿ ನಡೆದಿದ್ದು ಇದೇ ಅರಮನೆಯಲ್ಲಿ. 1868ರಲ್ಲಿ ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ, ಅದು ಹೊರಟುಹೋಯಿತು. ಸ್ವರ್ಗದ ಹೊಟ್ಟೆಕಿಚ್ಚಿನ ಮನೆಯಲ್ಲಿ ಗುಮಾಸ್ತರು ಕೂತು ಫೈಲು ನೋಡುತ್ತಿದ್ದರು! ಇವತ್ತು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಚಿಕ್ಕ ಟಿಕೆಟ್ ಇದೆ.

ಪಕ್ಕದ ದೇವಸ್ಥಾನಕ್ಕೂ ಅರಮನೆಗೂ ಏನು ಸಂಬಂಧ?

ಅದು ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಅರಮನೆಗಿಂತ ನೂರು ವರ್ಷ ಹಳೆಯದು. ಚಿಕ್ಕದೇವರಾಜ ಒಡೆಯರು 17ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಮುಂದಿನ ಕಂಬಕ್ಕೆ ಬ್ರಿಟಿಷರ ಗುಂಡು ತಾಗಿತು, ಅದರಿಂದ ಟಿಪ್ಪು ಉಳಿದ ಅನ್ನುವ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ಏನೇ ಇರಲಿ, ಸುಲ್ತಾನನ ಅರಮನೆ ಮತ್ತು ವೆಂಕಟರಮಣನ ಗುಡಿಗೆ ನಡುವೆ ಒಂದೇ ಒಂದು ಗೋಡೆ. ದೇವಸ್ಥಾನ ಬೆಳಿಗ್ಗೆ ಮತ್ತು ಸಂಜೆ ತೆರೆದಿರುತ್ತದೆ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಇಷ್ಟೊಂದು "ಪೇಟೆ"ಗಳು ಯಾಕೆ? ಎಲ್ಲಿ ಏನು ಸಿಗುತ್ತದೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಕೆಂಪೇಗೌಡರು ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿ ಕೊಟ್ಟು ಕೂರಿಸಿದರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಕುರುಬರಪೇಟೆ, ತಿಗಳರಪೇಟೆ. ಕಾಟನ್‌ಪೇಟೆ ಮೊದಲು ಅರಳೇಪೇಟೆ. ಮುಂದೆ ಬಂದವರೂ ಇದೇ ದಾರಿ ಹಿಡಿದರು. ಕಬ್ಬನ್‌ಪೇಟೆ ಕಮಿಷನರ್ ಮಾರ್ಕ್ ಕಬ್ಬನ್ ಹೆಸರಿನದು, ಆದರೆ ಅಲ್ಲಿ ತಲೆತಲಾಂತರದಿಂದ ಇರುವವರು ನೇಕಾರರು. ಗಲ್ಲಿಯೊಳಗೆ ಹೋದರೆ ಮಗ್ಗದ ಸದ್ದು ಇನ್ನೂ ಕೇಳುತ್ತದೆ.

ಕಸುಬು ಬದಲಾಗಿರಬಹುದು, ರೂಢಿ ಬದಲಾಗಿಲ್ಲ. ಒಂದು ಬೀದಿ, ಒಂದು ಸರಕು. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ, ಬಟ್ಟೆ. ಅವೆನ್ಯೂ ರಸ್ತೆಯಲ್ಲಿ ಹೊಸ ಹಳೆ ಪುಸ್ತಕ, ಪಠ್ಯ, ಗೈಡು. ನಗರ್ತಪೇಟೆ ಮತ್ತು ರಾಜಾ ಮಾರ್ಕೆಟ್ ಕಡೆ ಚಿನ್ನ, ಬೆಳ್ಳಿ. ಬಳೇಪೇಟೆಯಲ್ಲಿ ವಾದ್ಯಗಳು. ತಬಲಾ ಚರ್ಮ ಬಿಗಿಯುವವರನ್ನು, ವೀಣೆಗೆ ತಂತಿ ಹಾಕುವವರನ್ನು ಅಂಗಡಿ ಮುಂದೆಯೇ ನೋಡಬಹುದು. ಮಾಮೂಲ್‌ಪೇಟೆಯಲ್ಲಿ ಗುಂಡಿ, ಲೇಸು, ಜರಿಅಂಚು, ಸೂಜಿದಾರ. ದರ್ಜಿಗಳಿಗೆ ಅದು ಕಾಶಿ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನು, ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ. ಊರಿನ ಐಟಿ ಕಂಪನಿಗಳು ಎಷ್ಟೇ ಎತ್ತರದ ಕಟ್ಟಡದಲ್ಲಿರಲಿ, ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಸೆನ್ಸರ್ ಹುಡುಕಿಕೊಂಡು ಬರುವುದು ಎಸ್.ಪಿ. ರಸ್ತೆಗೇ. ತರಗುಪೇಟೆಯಲ್ಲಿ ಬೇಳೆ, ಬೆಲ್ಲ, ಒಣಮೆಣಸಿನಕಾಯಿ ಮೂಟೆ. ಆ ಬೀದಿಯಲ್ಲಿ ಘಾಟಿಗೆ ಸೀನು ಬರುತ್ತದೆ, ಕರ್ಚೀಫು ಇಟ್ಟುಕೊಳ್ಳಿ.

ಒಂದೇ ಸರಕಿನ ಐವತ್ತು ಅಂಗಡಿ ಒಟ್ಟಿಗೆ ಇದ್ದರೆ ವ್ಯಾಪಾರ ಹೇಗೆ ನಡೆಯುತ್ತದೆ ಅಂತಲೂ ಕೇಳುತ್ತಾರೆ. ಅದಕ್ಕೇ ನಡೆಯುತ್ತದೆ. ತುಮಕೂರಿನ ಚಿಲ್ಲರೆ ವ್ಯಾಪಾರಿ ಒಂದು ಬಸ್ಸಿಗೆ ಬಂದು, ಒಂದೇ ಬೀದಿ ಸುತ್ತಿ, ಹತ್ತು ಕಡೆ ರೇಟು ಕೇಳಿ, ಸಂಜೆಗೆ ಊರು ಸೇರಬಹುದು. ಒಬ್ಬರ ಹತ್ತಿರ ಮಾಲು ಇಲ್ಲದಿದ್ದರೆ ಹುಡುಗನನ್ನು ಪಕ್ಕದ ಅಂಗಡಿಗೆ ಓಡಿಸಿ ತರಿಸಿಕೊಡುತ್ತಾರೆ. ಪೇಟೆಯ ಪರಂಪರೆ ಏನು ಅಂತ ನನ್ನನ್ನು ಕೇಳಿದರೆ ಕೋಟೆಗಿಂತ ಮೊದಲು ಇದನ್ನೇ ತೋರಿಸುತ್ತೇನೆ. ಕೋಟೆ ಬಿದ್ದುಹೋಯಿತು, ಈ ವ್ಯವಸ್ಥೆ ಸುಮಾರು ಐದು ಶತಮಾನದಿಂದ ನಡೀತಾನೇ ಇದೆ.

ಕೆ.ಆರ್. ಮಾರ್ಕೆಟ್ ಹೂವಿನ ಸಂತೆಗೆ ಎಷ್ಟು ಗಂಟೆಗೆ ಹೋಗಬೇಕು?

ಬೆಳಕು ಹರಿಯುವ ಮುಂಚೆ. ಏಳು ಗಂಟೆಗೆ ಹೋದರೂ ನೋಡಬಹುದು, ಆದರೆ ಅಷ್ಟು ಹೊತ್ತಿಗೆ ದೊಡ್ಡ ವ್ಯಾಪಾರ ಮುಗಿದಿರುತ್ತದೆ.

ಹಳ್ಳಿಗಳಿಂದ ಬಂದ ಗಾಡಿಗಳು ರಾತ್ರಿಯೇ ಸಾಲು ನಿಂತಿರುತ್ತವೆ. ಗೋಣಿ ಬಿಚ್ಚಿ ಸೇವಂತಿಗೆ ಸುರಿದಾಗ ನೆಲ ಕಾಣುವುದಿಲ್ಲ. ಹಳದಿ ರಾಶಿ, ಪಕ್ಕದಲ್ಲಿ ಕಿತ್ತಳೆ ಚೆಂಡುಹೂವು, ಅದರಾಚೆ ಬಿಡಿ ಗುಲಾಬಿ. ಬಾಡದಿರಲಿ ಅಂತ ಆಗಾಗ ನೀರು ಚಿಮುಕಿಸುತ್ತಾರೆ. ತಕ್ಕಡಿ ಹಿಡಿದವನು ಕೆ.ಜಿ. ರೇಟು ಕೂಗುತ್ತಾನೆ, ಐದು ನಿಮಿಷಕ್ಕೊಮ್ಮೆ ರೇಟು ಬದಲಾಗುತ್ತದೆ. ಕಟ್ಟಿದ ಮಲ್ಲಿಗೆ, ಕನಕಾಂಬರವಾದರೆ ಮೊಳ, ಮಾರಿನ ಲೆಕ್ಕ. ಒಂದು ಮೂಲೆಯಲ್ಲಿ ಕೂತವರು ಬಾಳೆನಾರಿನಲ್ಲಿ ಹಾರ ಕಟ್ಟುತ್ತಿರುತ್ತಾರೆ. ಕಣ್ಣು ನಿಮ್ಮ ಮೇಲೆ, ಬಾಯಿ ಪಕ್ಕದವರ ಜೊತೆ, ಬೆರಳು ಮಾತ್ರ ತಪ್ಪೋದಿಲ್ಲ. ಮೇಲಿನ ಅಂತಸ್ತಿನ ಮೆಟ್ಟಿಲಿಂದ ಬಗ್ಗಿ ನೋಡಿದರೆ ಇಡೀ ಹೂವಿನ ಅಂಗಳ ಕಾಣುತ್ತದೆ. ಕ್ಯಾಮೆರಾದವರೆಲ್ಲ ನಿಲ್ಲುವ ಜಾಗ ಅದೇ.

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಹಿಂದಿನ ದಿನ ಹೂವಿನ ರೇಟು ಗಗನಕ್ಕೆ ಏರುತ್ತದೆ, ಟಿವಿಯವರು ಮೈಕು ಹಿಡಿದು ಬರುತ್ತಾರೆ. ನೋಡೋಕೆ ಚೆಂದದ ದಿನಗಳೂ ಅವೇ, ನುಗ್ಗಾಟದ ದಿನಗಳೂ ಅವೇ.

ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು, 1928ರದು. ಮೊದಲು ಇಲ್ಲಿ ಸಿದ್ದಿಕಟ್ಟೆ ಅಂತ ಕೆರೆ ಇತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ಮೊದಲ ವಿದ್ಯುತ್ ದೀಪ ಬಂದಿದ್ದು ಈ ಭಾಗದಲ್ಲೇ. ಕರೆಂಟು ಶಿವನಸಮುದ್ರದಿಂದ.

ಚಪ್ಪಲಿ ವಿಷಯ: ನೆಲ ಒದ್ದೆ, ಜಾರುತ್ತದೆ. ಹಳೆಯದನ್ನೇ ಹಾಕಿಕೊಂಡು ಬನ್ನಿ.

ಕರಗ ನೋಡಬೇಕು. ಯಾವಾಗ, ಎಲ್ಲಿ?

ಚೈತ್ರ ಹುಣ್ಣಿಮೆಯ ರಾತ್ರಿ. ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುತ್ತದೆ. ಪಾಂಡವರಿಗೆ ಮೀಸಲಾದ ದೇವಸ್ಥಾನ, ಆದರೆ ಹಬ್ಬ ದ್ರೌಪದಿಯದು. ತಿಮಿರಾಸುರನನ್ನು ಕೊಲ್ಲೋಕೆ ದ್ರೌಪದಿ ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಹುಟ್ಟಿಸಿದಳು. ಕಾಳಗ ಮುಗಿದು ಹೊರಟಾಗ ಅವರು ಹೋಗಬೇಡ ಅಂದರು. ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟಳು. ಆ ಮಾತಿನಂತೆ ಬರುವುದೇ ಕರಗ.

ಹೊರುವವರು ತಿಗಳ ಸಮುದಾಯದ ಅರ್ಚಕ ಮನೆತನದವರು. ಅಂದು ಅವರು ಹೆಣ್ಣಿನ ಉಡುಗೆಯಲ್ಲಿರುತ್ತಾರೆ. ಅರಿಶಿನ ಬಣ್ಣದ ಸೀರೆ, ಬಳೆ, ಮೈತುಂಬಾ ಮಲ್ಲಿಗೆ. ತಲೆ ಮೇಲೆ ಮಲ್ಲಿಗೆಯ ಎತ್ತರದ ಗೋಪುರ. ಅದನ್ನು ಕೈಯಲ್ಲಿ ಮುಟ್ಟದೆ, ಬೀಳಿಸದೆ, ಪೇಟೆಯ ಗಲ್ಲಿ ಗಲ್ಲಿ ಸುತ್ತಿ ಬೆಳಗಾಗುವ ಹೊತ್ತಿಗೆ ವಾಪಸ್ ಬರಬೇಕು. ಸುತ್ತ ಬರಿಮೈಯ ವೀರಕುಮಾರರು ಬಿಚ್ಚುಗತ್ತಿ ಹಿಡಿದು "ಗೋವಿಂದ, ಗೋವಿಂದ" ಅಂತ ಓಡುತ್ತಾರೆ. ಕರಗ ಹೊರಡುವ ಹೊತ್ತು ಹೇಳಿದ್ದಕ್ಕಿಂತ ತಡವಾಗುವುದೇ ಜಾಸ್ತಿ. ಜನ ಗೊಣಗುತ್ತಾರೆ, ಎದ್ದು ಹೋಗುವುದಿಲ್ಲ.

ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿಯೇ ಮುಂದೆ ಸಾಗುತ್ತದೆ. ಇದನ್ನು ಯಾರೋ ಇತ್ತೀಚೆಗೆ ಸೌಹಾರ್ದಕ್ಕೆ ಅಂತ ಸೇರಿಸಿದ್ದಲ್ಲ, ಹಳೆ ಪದ್ಧತಿ. ಊರಿನ ದೇವತೆ ಅಣ್ಣಮ್ಮನ ಗುಡಿಗೂ ಹೋಗುತ್ತದೆ.

ಇನ್ನೊಂದು ಗಮನಿಸಬೇಕಾದ ಸಂಗತಿ. ಮುಖ್ಯ ಕರಗಕ್ಕೆ ಮುಂಚೆ ನಡೆಯುವ ಹಸಿ ಕರಗದ ಶಾಸ್ತ್ರ ಸಂಪಂಗಿ ಕೆರೆಯ ಜಾಗಕ್ಕೆ ಸೇರಿದ್ದು. ಕೆರೆ ಹೋಗಿ ಕಂಠೀರವ ಸ್ಟೇಡಿಯಂ ಆಗಿದೆ. ಆದರೂ ಕರಗಕ್ಕೆ ಅಂತ ಒಂದು ಚಿಕ್ಕ ಕುಂಟೆಯನ್ನು ಪಕ್ಕದಲ್ಲಿ ಉಳಿಸಿಕೊಂಡಿದ್ದಾರೆ. ಊರಿನ ತೋಟಗಾರಿಕೆ ತಿಗಳರ ಕೈಯಲ್ಲಿತ್ತು, ತೋಟಕ್ಕೆ ನೀರು ಕೊಟ್ಟಿದ್ದು ಕೆರೆ. ಕೆರೆ ಮುಚ್ಚಿದರೂ ಹಬ್ಬ ಅದನ್ನು ಮರೆತಿಲ್ಲ.

ಮೊದಲ ಸಲ ಬರುವವರಿಗೆ ಒಂದು ಸಲಹೆ. ದೇವಸ್ಥಾನದ ಬಾಗಿಲಲ್ಲಿ ಕಾಯಬೇಡಿ, ಅಲ್ಲಿ ಉಸಿರಾಡೋಕೂ ಜಾಗ ಇರೋದಿಲ್ಲ. ಅವೆನ್ಯೂ ರಸ್ತೆ ಕಡೆ ಯಾವುದಾದರೂ ಅಂಗಡಿ ಕಟ್ಟೆ ಮೇಲೆ ಜಾಗ ಹಿಡಿದು ಕೂತುಕೊಳ್ಳಿ.

ಕೆರೆಗಳು ಅಂದಿರಿ. ಪೇಟೆಗೆ ನೀರು ಎಲ್ಲಿಂದ ಬರುತ್ತಿತ್ತು?

ಸುತ್ತಲಿನ ಕೆರೆಗಳಿಂದ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಜೋರು ಮಳೆ ಬಂದಾಗ ಅಲ್ಲಿ ನೀರು ನಿಂತರೆ ಆಶ್ಚರ್ಯ ಪಡಬೇಕಾಗಿಲ್ಲ. ಇವತ್ತಿಗೂ ನೀರಿರುವ ಕೆಂಪಾಂಬುಧಿ ಕೆರೆಯನ್ನು ನೋಡಬೇಕಾದರೆ ಗವಿಪುರದ ಕಡೆ ಹೋಗಬೇಕು. ಕೆಂಪೇಗೌಡ ಗೋಪುರಗಳಲ್ಲಿ ಒಂದೂ ಅಲ್ಲಿದೆ.

ಚರ್ಚು, ಮಸೀದಿ ಏನಾದರೂ ಇದೆಯಾ?

ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಇದೆ. ದೊಡ್ಡ ಕಂಬಗಳ ಕಟ್ಟಡ, ಆದರೂ ಪುಸ್ತಕ ನೋಡುತ್ತಾ ಹೋಗುವವರ ಕಣ್ಣು ತಪ್ಪಿಸುತ್ತದೆ. ಲಂಡನ್ ಮಿಷನ್‌ನ ಬೆಂಜಮಿನ್ ರೈಸ್ ನೆನಪಿನದು. ಪ್ರಾರ್ಥನೆ ಕನ್ನಡದಲ್ಲಿ. ಇವರ ಮಗ ಬಿ.ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಹಳ್ಳಿ ಹಳ್ಳಿ ತಿರುಗಿ ಸಾವಿರಾರು ಶಾಸನ ಓದಿಸಿ "ಎಪಿಗ್ರಾಫಿಯಾ ಕರ್ನಾಟಿಕಾ" ಸಂಪುಟಗಳನ್ನು ತಂದವರು. ಕನ್ನಡದ ಮೇಲೆ ಅವರ ಋಣ ದೊಡ್ಡದು.

ಮಾರ್ಕೆಟ್ ಹತ್ತಿರದ ಬಿಳಿ ಜಾಮಿಯಾ ಮಸೀದಿ ಫ್ಲೈಓವರ್ ಮೇಲಿಂದಲೂ ಕಾಣುತ್ತದೆ. ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ ಅದಕ್ಕಿಂತ ಬಹಳ ಹಳೆಯದು, ಮೊಗಲರ ಕಾಲದ್ದು ಅನ್ನುತ್ತಾರೆ. ಜೈನ ಬಸದಿಗಳೂ ಗಲ್ಲಿಗಳಲ್ಲಿವೆ.

ಹಳೆ ಮನೆಗಳು ಯಾಕೆ ಕಾಣಿಸುವುದಿಲ್ಲ?

ಎರಡು ಕಾರಣ. ಮೊದಲನೆಯದು ಪ್ಲೇಗು. 1898ರಲ್ಲಿ ಪ್ಲೇಗು ಬಂದಾಗ ಒತ್ತೊತ್ತಾಗಿದ್ದ ಪೇಟೆಗೆ ಜಾಸ್ತಿ ಹೊಡೆತ ಬಿತ್ತು. ಗಾಳಿ ಬೆಳಕು ಇಲ್ಲದ ಮನೆ, ಕಿರಿದಾದ ಗಲ್ಲಿ. ಉಳ್ಳವರು ಊರಾಚೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದಿದ್ದೇ ಆಗ. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಎರಡನೆಯದು ಅಂಗಡಿ ಬಾಡಿಗೆ. ಜಗಲಿ ಇದ್ದ ಮನೆಯ ಮುಂಭಾಗ ಒಡೆದು ಅಂಗಡಿ, ಅಂಗಡಿ ಮೇಲೆ ಗೋಡೌನು.

ಆದರೂ ಪೂರ್ತಿ ಹೋಗಿಲ್ಲ. ಅಂಗಡಿ ಬೋರ್ಡುಗಳ ಮೇಲಕ್ಕೆ ನೋಡುತ್ತಾ ನಡೆಯಿರಿ. ಮರದ ಬಾಲ್ಕನಿ, ಮಂಗಳೂರು ಹೆಂಚು, ಬಣ್ಣದ ಗಾಜಿನ ಕಿಟಕಿ, ಗಾರೆಯಲ್ಲಿ ಬರೆದ ಇಸವಿ, ಇವೆಲ್ಲ ಮೊದಲನೇ ಅಂತಸ್ತಿನಿಂದ ಮೇಲೆ ಇವೆ. ಕೆಳಗೆ ನೋಡಿಕೊಂಡು ನಡೆದವರಿಗೆ ಪೇಟೆಯಲ್ಲಿ ಶಟರ್ ಮಾತ್ರ ಕಾಣುತ್ತದೆ. ಕಾಲ ಕೆಳಗೆ ಗುಂಡಿ ಇದೆಯಾ ಅಂತಲೂ ನೋಡಿಕೊಳ್ಳಿ, ಅದು ಬೇರೆ ವಿಷಯ.

ಹೇಗೆ ಬರುವುದು? ಕಾರು ತರಬಹುದಾ?

ತರಬೇಡಿ. ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರ್ಕೆಟ್ ಎರಡೂ ಸ್ಟೇಷನ್ ಇವೆ, 2017ರಿಂದ. ಕೋಟೆ, ಅರಮನೆ, ಹೂವು ನೋಡುವವರು ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿಯಿರಿ. ಸೀರೆಯವರು ಚಿಕ್ಕಪೇಟೆಯಲ್ಲಿ. ಬೆಳಗಿನ ಜಾವದ ಹೂವಿಗೆ ಮಾತ್ರ ಮೆಟ್ರೋ ಆಗೋದಿಲ್ಲ, ಆಟೋ ಹಿಡಿಯಬೇಕು.

ಅರ್ಧ ದಿನ ಇದೆ. ಯಾವ ದಾರಿ ಹಿಡಿಯಲಿ?

ಬೆಳಿಗ್ಗೆ ಬೇಗ ಮಾರ್ಕೆಟ್. ಅಲ್ಲೇ ಎಲ್ಲಾದರೂ ತಿಂಡಿ. ಆಮೇಲೆ ವೆಂಕಟರಮಣ ದೇವಸ್ಥಾನ, ಅರಮನೆ, ವಾಪಸ್ ಬರುವಾಗ ಕೋಟೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಅಂಗಡಿಗಳ ಬಾಗಿಲು ತೆರೆದಿರುತ್ತವೆ. ಅವೆನ್ಯೂ ರಸ್ತೆ ಹಿಡಿದು ಉತ್ತರಕ್ಕೆ ನಡೆಯಿರಿ, ಚಿಕ್ಕಪೇಟೆ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿ ಬಳೇಪೇಟೆವರೆಗೆ. ಊಟಕ್ಕೆ ಅಲ್ಲಿಗೆ ಸರಿಹೋಗುತ್ತದೆ. ಬಳೇಪೇಟೆಯ ಉಡುಪಿ ಕೃಷ್ಣ ಭವನ ಹಳೇ ಹೋಟೆಲು, ಸಾಗು ಮಸಾಲೆ ದೋಸೆಗೆ ಹೆಸರು. ಮಾಂಸದೂಟ ಬೇಕಾದವರಿಗೆ ಈ ಕಡೆ ಮಿಲಿಟರಿ ಹೋಟೆಲುಗಳು, ದೊನ್ನೆ ಬಿರಿಯಾನಿ ಅಂಗಡಿಗಳು ಇವೆ. ಸಂಜೆ ಇನ್ನೂ ಹಸಿವು ಇದ್ದರೆ ಹತ್ತಿರದ ವಿ.ವಿ. ಪುರದ ತಿಂಡಿ ಬೀದಿಗೆ ಹೋಗಿ.

ಭಾನುವಾರ ಬರಬಹುದಾ?

ಬರಬಹುದು, ಆದರೆ ಸುಮಾರು ಅಂಗಡಿಗಳಿಗೆ ಅಂದು ರಜೆ. ಸೀರೆಗೆ ಬೇಡ. ಕಟ್ಟಡ ನೋಡೋಕೆ, ಫೋಟೋ ತೆಗೆಯೋಕೆ ಅದೇ ಒಳ್ಳೆ ದಿನ. ಮುಚ್ಚಿದ ಅಂಗಡಿಗಳ ಮುಂದೆ ಹಳೆ ಪುಸ್ತಕ ಹರಡಿಕೊಂಡು ಕೂರುವವರೂ ಇರುತ್ತಾರೆ.

ಚೌಕಾಸಿ ನಡೆಯುತ್ತದೆಯಾ?

ಬೀದಿ ಬದಿಯಲ್ಲಿ, ಹಳೆ ಪುಸ್ತಕದಲ್ಲಿ ಧಾರಾಳವಾಗಿ ನಡೆಯುತ್ತದೆ. ದೊಡ್ಡ ಸೀರೆ ಅಂಗಡಿಗಳಲ್ಲಿ "ಫಿಕ್ಸೆಡ್ ರೇಟ್" ಬೋರ್ಡಿದ್ದರೆ ಗಂಟಲು ನೋಯಿಸಿಕೊಳ್ಳಬೇಡಿ. ಹೋಲ್‌ಸೇಲ್ ಅಂಗಡಿಯಲ್ಲಿ ಒಂದೇ ಒಂದು ಪೀಸು ಕೇಳಿದರೆ ಮುಖ ಸಿಂಡರಿಸುತ್ತಾರೆ, ಅದಕ್ಕೆ ಬೇಜಾರು ಬೇಡ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹೋಗಿ ರೇಟು ಕೇಳಿ ಸುಮ್ನೆ ಎದ್ದು ಬರಬೇಡಿ. ಬೋಣಿ ಹೊತ್ತು, ಅವರಿಗೆ ಮನಸ್ಸಿಗೆ ಹತ್ತುತ್ತದೆ. ಅದೇ ಹೊತ್ತಿನಲ್ಲಿ ತಗೊಳ್ಳುವವರಿಗೆ ಸ್ವಲ್ಪ ಬಿಟ್ಟೂ ಕೊಡುತ್ತಾರೆ.

ಇನ್ನು ಚಿಕ್ಕಪೇಟೆಯಲ್ಲಿ "ಬನ್ನಿ ಮೇಡಂ, ಫ್ಯಾಕ್ಟರಿ ರೇಟು" ಅಂತ ಕೈ ಹಿಡಿದಂತೆ ಕರೆಯುವವರು ಕಮಿಷನ್ ಹುಡುಗರು. ಅವರ ಹಿಂದೆ ಹೋಗದೆ ನೀವೇ ಅಂಗಡಿ ಹುಡುಕಿಕೊಂಡರೆ ಒಳ್ಳೆಯದು.

ಫೋಟೋ ತೆಗೆದರೆ ಬೈಯುತ್ತಾರಾ?

ದಾರಿಗೆ ಅಡ್ಡ ನಿಂತರೆ ಬೈಯುತ್ತಾರೆ. ತಲೆ ಮೇಲೆ ಮೂಟೆ ಹೊತ್ತ ಹಮಾಲಿಗೆ ನಿಮ್ಮ ಫ್ರೇಮು ಮುಖ್ಯ ಅಲ್ಲ. "ಸೈಡು, ಸೈಡು" ಅಂದ ಕೂಡಲೇ ಗೋಡೆಗೆ ಅಂಟಿಕೊಳ್ಳಿ. ಹೂವಿನವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಕೇಳಿ ತೆಗೆದರೆ ನಗುತ್ತಲೂ ನಿಲ್ಲುತ್ತಾರೆ. ಆಮೇಲೆ ಒಂದು ಮೊಳ ಹೂವಾದರೂ ತಗೊಳ್ಳಿ.

ಮಕ್ಕಳು, ವಯಸ್ಸಾದವರನ್ನು ಕರೆತರಬಹುದಾ?

ಅರಮನೆ, ದೇವಸ್ಥಾನ, ಕೋಟೆಗೆ ಧಾರಾಳವಾಗಿ. ಅರಮನೆಯಲ್ಲಿ ಹುಲ್ಲುಹಾಸು ಇದೆ, ಕೂರಬಹುದು. ಚಿಕ್ಕಪೇಟೆ ಗಲ್ಲಿಗಳಿಗೆ ಪುಟ್ಟ ಮಕ್ಕಳು ಬೇಡ. ತಳ್ಳುಗಾಡಿ, ಸ್ಕೂಟರು, ಜನ ಎಲ್ಲ ಒಟ್ಟಿಗೆ ನುಗ್ಗುವ ಜಾಗ. ಫೋನು, ಪರ್ಸು ಮುಂದಿನ ಜೇಬಿನಲ್ಲಿರಲಿ. ಒಳ್ಳೆ ಶೌಚಾಲಯ ಗಲ್ಲಿಗಳಲ್ಲಿ ಸಿಗುವುದು ಕಷ್ಟ. ಮೆಟ್ರೋ ಸ್ಟೇಷನ್ನಿನಲ್ಲಿ ಅಥವಾ ತಿಂಡಿ ತಿಂದ ಹೋಟೆಲಿನಲ್ಲಿ ಮುಗಿಸಿಕೊಂಡೇ ಹೊರಡಿ.

ಇದನ್ನೆಲ್ಲ ಉಳಿಸೋಕೆ ಏನಾದರೂ ಮಾಡುತ್ತಿದ್ದಾರಾ?

ಕೋಟೆಯ ಬಾಗಿಲು ಮತ್ತು ಟಿಪ್ಪು ಅರಮನೆಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಆದರೆ ಗಲ್ಲಿಗಳ ಹಳೆ ಮನೆಗಳಿಗೆ ಅಂಥ ರಕ್ಷಣೆ ಇಲ್ಲ, ಮಾಲೀಕರಿಗೆ ಬೇಕಾದರೆ ಉಳಿಯುತ್ತವೆ. ಅವೆನ್ಯೂ ರಸ್ತೆ ಅಗಲ ಮಾಡುವ ಮಾತು ಹಿಂದೆ ಬಂದಾಗ ಅಂಗಡಿಯವರೇ ತಿರುಗಿಬಿದ್ದರು. ಅವರು ಪರಂಪರೆಗೆ ಅಂತ ಹೋರಾಡಲಿಲ್ಲ, ಅಂಗಡಿಗೆ ಅಂತ ಹೋರಾಡಿದರು. ಕೆಂಪೇಗೌಡರ ಬೀದಿಯ ಅಳತೆ ಉಳಿದಿದ್ದು ಅದರಿಂದಲೇ. ಇಲ್ಲಿ ಎರಡನ್ನೂ ಬೇರೆ ಮಾಡೋಕೆ ಆಗೋದಿಲ್ಲ. ವ್ಯಾಪಾರವನ್ನು ಊರಾಚೆ ಸಾಗಿಸಿ, ಕಟ್ಟಡಕ್ಕೆ ಬಣ್ಣ ಬಳಿದು, ಕಾಫಿ ಶಾಪು ತೆಗೆದರೆ ಫೋಟೋ ಚೆನ್ನಾಗಿ ಬರಬಹುದು. ಪೇಟೆ ಮಾತ್ರ ಅಲ್ಲಿ ಇರುವುದಿಲ್ಲ. ಹಾಗಾಗಿ ನೋಡೋಕೆ ಬಂದವರು ಏನಾದರೂ ಕೊಂಡುಕೊಂಡೇ ಹೋಗಿ. ಬಟನ್ನೇ ಆಗಲಿ, ಬೆಲ್ಲವೇ ಆಗಲಿ.